ಇನ್ನೂರು ಗ್ರಾಂ

ಮುಹರ್ರಕ್ಕಿನ ನಮ್ಮ ಕೋಲ್ಡ್ ಸ್ಟೋರಿನಿಂದ
ವಿಮಾನ ನಿಲ್ದಾಣ ಎಂಟೇ ನಿಮಿಷ.
ಇಪ್ಪತ್ತಾರು ತಿಂಗಳು ನೆತ್ತಿಯ ಮೇಲೆಯೇ ಹಾರಿದವು,
ಒಂದಕ್ಕೂ ಕತ್ತೆತ್ತಲಿಲ್ಲ.
ಟಿಕೇಟು ಕೈಗೆ ಬಂದ ಮೇಲೆ
ಹಾರುವ ಪ್ರತಿಯೊಂದೂ ನನ್ನದೇ,
ನನ್ನನ್ನು ಬಿಟ್ಟು ಹೊರಟದ್ದು.

ಕೇಳಿ ಕಾಡಿ ಪಡೆದ ರಜೆ. ನಲವತ್ತು ದಿನ.
ಕೇಳುವಾಗ ಇದ್ದ ಹಸಿವು
ಸಿಕ್ಕ ಮೇಲೆ ಹೊಟ್ಟೆಯುಬ್ಬರ.
ಪಾಸ್‌ಪೋರ್ಟು ದಿಂಬಿನಡಿ ಇದೆ. ಇದೆಯೇ?
ಇದೆ.
ಮಗ್ಗುಲು ಬದಲಿಸಿದರೆ ಮತ್ತೆ ಕೈ ಹೋಗುತ್ತದೆ,
ಹಲ್ಲು ಬಿದ್ದ ಕಡೆಗೇ ನಾಲಗೆ ಹೋಗುವ ಹಾಗೆ.

ತೂಕದ ಕೊಕ್ಕೆ ಇಡೀ ಕಟ್ಟಡಕ್ಕೆ ಒಂದೇ,
ರಜೆ ಸಿಕ್ಕವರ ಕೋಣೆಯಿಂದ ಕೋಣೆಗೆ
ಮದುವೆ ಮನೆಯ ಹಂಡೆಯಂತೆ ತಿರುಗುತ್ತದೆ.
ಮೂವತ್ತು ಕಿಲೋ ಬಿಡುತ್ತಾರೆ.
ನನ್ನದು ಮೂವತ್ತೊಂದು ಮುಕ್ಕಾಲು.
ಹಾಲಿನ ಪುಡಿ ತೆಗೆದೆ. ಹಾಕಿದೆ.
ಭಾವನ ಟಾರ್ಚು ತೆಗೆದೆ, ಭಾವನ ಮುಖ ನೆನೆದು ಹಾಕಿದೆ.
ಚಪ್ಪಲಿಯೇ ಎರಡು ಜೊತೆ.
ಮಗಳ ಪಾದ ಹದಿನೇಳು ಸೆಂಟಿಮೀಟರು ಅಂದಳು ಸುಗುಣಾ
ಶಾಲೆಯ ಸ್ಕೇಲು ಹಿಡಿದು ಅಳೆದು.
ಮರುವಾರ, ಹದಿನೇಳೂವರೆ ಇರಬಹುದೇನೋ,
ನಿಂತರೆ ತಾನೇ ಅಳೆಯುವುದು?
ನನ್ನ ಕಂಡರೆ ನಿಲ್ಲುತ್ತಾಳೋ, ಒಳಗೆ ಓಡುತ್ತಾಳೋ,
ಅದಕ್ಕೆ ಯಾವ ಸ್ಕೇಲೂ ಇಲ್ಲ.

ಬೇಸತ್ತು ಖಾಲಿ ಕೊಕ್ಕೆಯನ್ನೇ ಎತ್ತಿ ಹಿಡಿದೆ.
ಸೊನ್ನೆ ಬರಬೇಕಿತ್ತು. ಇನ್ನೂರು ಗ್ರಾಂ ತೋರಿಸಿತು.
‘ಗಾಳಿಯದ್ದಿರಬೇಕು’ ಅಂದ ಪಕ್ಕದ ಮಂಚದ ಗುಲ್ ಜಮಾನ್,
ಕಣ್ಣು ತೆರೆಯದೆ.
ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ಅಂತರ,
ಎನ್ನುತ್ತಿದ್ದರು ಹೊನ್ನಾವರದ ಮೇಷ್ಟ್ರು,
ಬೋರ್ಡಿನಲ್ಲಿ ಸೊನ್ನೆ ಇಟ್ಟು, ಒರೆಸಿ, ಮತ್ತೆ ಇಟ್ಟು.
ಅದರ ತೂಕ ಎಷ್ಟೆಂದು ಹೇಳಿರಲಿಲ್ಲ.

ಕಡೆಯ ರಾತ್ರಿ ಅನ್ಸಾರನಿಗೆ ಅಂಗಡಿ ಒಪ್ಪಿಸಿದೆ.
ಉದ್ರಿ ಪುಸ್ತಕ. ಶಟರಿನ ಕೀಲಿ, ಎಡಕ್ಕೆ ಜಗ್ಗಿ ಮೇಲೆತ್ತಬೇಕು.
ಮೂರನೇ ಮಹಡಿಯಿಂದ ಬುಟ್ಟಿ ಇಳಿದರೆ ಉಮ್ಮ್ ಜಾಸಿಮ್,
ಚೀಟಿ ಇರುವುದಿಲ್ಲ: ಮೊಸರು, ಎರಡು ಕುಬ್ಬೂಸು.
ಸೋಮಯ್ಯ ಎನ್ನಲು ಬಾರದೆ ‘ಸುಮಯ್ಯಾ’ ಎಂದು
ನನ್ನನ್ನು ಹೆಣ್ಣು ಹೆಸರಲ್ಲಿ ಕೂಗುತ್ತಾಳೆ ಮುದುಕಿ,
ನಿನ್ನನ್ನೂ ಹಾಗೇ ಕೂಗಿಯಾಳು, ಓಗೊಡು.
ಅವನು ಎಲ್ಲದಕ್ಕೂ ತಲೆಯಾಡಿಸಿದ.
ಭಯವಾದದ್ದು ಆಗಲೇ. ಅರ್ಥವಾಗಲಿಲ್ಲವೆಂದಲ್ಲ,
ಇಷ್ಟು ಬೇಗ ಅರ್ಥವಾಗಿಹೋಯಿತಲ್ಲ ಎಂದು.

ನಿದ್ದೆ ಹತ್ತಲಿಲ್ಲ. ಒಂದೂವರೆಗೆ ಕೆಳಗಿಳಿದು
ಶಟರು ಅರ್ಧ ಎತ್ತಿ ನುಸುಳಿ
ಸರಕನ್ನೆಲ್ಲ ದೊಡ್ಡ ಪೆಟ್ಟಿಗೆಗೆ ದಾಟಿಸಿ
ಐಸ್‌ಕ್ರೀಮಿನ ಫ್ರೀಜರ್ ಆರಿಸಿದೆ. ಯಾರೂ ಹೇಳಿರಲಿಲ್ಲ.
ಎರಡು ವರ್ಷದ ಮಂಜು ಗಂಟುಗಂಟಾಗಿ ಗೋಡೆ ಕಟ್ಟಿತ್ತು.
ಚಾಕು ಹಾಕಿದರೆ ಪೈಪು ಒಡೆಯುತ್ತದೆ,
ಬಾಗಿಲು ತೆರೆದಿಟ್ಟು ಕೂರಬೇಕು, ಅಷ್ಟೆ.
ಹೊರಗಿನ ಆಗಸ್ಟು, ಒದ್ದೆ ಕಂಬಳಿಯಂಥ ಕಡಲ ಸೆಕೆ,
ಬಗ್ಗಿ ಬಗ್ಗಿ ಒಳಗೆ ನೋಡಿತು.
ಮೊದಲು ಏನೂ ಆಗಲಿಲ್ಲ.
ಆಮೇಲೆ ಒಂದು ಹನಿ.
ಮತ್ತೆ ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಅಂಗೈಯಗಲದ ಚಕ್ಕೆಯೊಂದು ಧೊಪ್ಪೆಂದು ಬಿತ್ತು,
ಹಿಂದೆಯೇ ಅದರ ಬಳಗ.
ಬಕೆಟು, ಬಟ್ಟೆ, ಹಿಂಡು, ಒರೆಸು, ಹಿಂಡು.
ಮೇಲೊಂದು ವಿಮಾನ ಹೋಯಿತು,
ಯಾರದೆಂದು ಕೇಳಲು ಮರೆತೆ.

ಮಂಜಿನ ಹೊಟ್ಟೆಯಿಂದ ಸಿಕ್ಕಿತು ಒಂದು ಬಟಾಣಿ ಪೊಟ್ಟಣ,
ಹೋದ ವರ್ಷ ಲೆಕ್ಕಕ್ಕೆ ತಾಳೆಯಾಗದೆ
ನನ್ನ ಸಂಬಳದಿಂದ ಕಳೆದದ್ದು.
ಕಾವಲಿಗಿಟ್ಟ ಹಾಗೆ ಅಲ್ಲೇ ಇತ್ತು.
ನಗು ಬಂತು. ಒಬ್ಬನೇ ನಕ್ಕೆ.
ರಟ್ಟು ಹಾಸಿ ಐದು ನಿಮಿಷ ಬೆನ್ನು ಚಾಚಿದೆ.

ಟ್ಯಾಕ್ಸಿಯ ಹಾರನ್ನು. ಬೆಳಕು.
ಗುಲ್ ಜಮಾನ್ ಕಾಲು ಹಿಡಿದು ಎಳೆಯುತ್ತಿದ್ದ.
ಕೈ ತಾನಾಗಿ ತಲೆಯಡಿ ಹೋಯಿತು:
ರಟ್ಟು. ಬರೀ ರಟ್ಟು.
ಒಂದೇ ಉಸಿರಿಗೆ ಮೂರು ಮಹಡಿ ಹತ್ತಿದೆ.
ದಿಂಬಿನಡಿ ಪಾಸ್‌ಪೋರ್ಟು
ತನ್ನಷ್ಟಕ್ಕೆ ಒಂಟಿಯಾಗಿ ಮಲಗಿತ್ತು,
ನಾನು ಕಾಯದಿದ್ದರೂ
ಎಲ್ಲಿಗೂ ಹೋಗದೆ.